ಹೊಸ್ತಿಲಾಚೆ ನಿಂತು ಕೇಳುತ್ತಿದ್ದವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ನಮ್ಮ ಹಳೆಯ ಕಾಂಪೌಂಡರು. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಬದನೆಕಾಯಿ ಆರಿಸುತ್ತ ನಿಂತಿದ್ದರು. ನನ್ನನ್ನು ಕಂಡವರೇ, ಕೈಯಲ್ಲಿದ್ದ ಕಾಯಿಯನ್ನು ಹಿಂದೆ ಮುಂದೆ ತಿರುಗಿಸಿ ಹುಳುಕು ನೋಡುತ್ತ, "ನಿಮಗ ಗೊತ್ತಾತೇನ್ರೀ ನರ್ಸಮ್ಮ? ದಾಕಿನ ಇನ್ಸ್‌ಪೆಕ್ಟ್ರು ಹೋಗಿಬಿಟ್ರಂತ. ಹೋದ ಅಮಾಸಿ ಹಿಂದು ಮುಂದು" ಎಂದರು. ಅಷ್ಟು ಹೇಳಿ ಮತ್ತೆ ಚೌಕಾಸಿಗೆ ಇಳಿದರು. ನಾನು ಹತ್ತಬೇಕಿದ್ದ ಬಸ್ಸು ಬಂತು, ಹೋಯಿತು. ನಾನು ಕಲ್ಲುಬೆಂಚಿನ ಮೇಲೆ ಕೂತು, ಈ ವಯಸ್ಸಿನಲ್ಲಿ, ನಾಲ್ಕು ಜನ ನೋಡುತ್ತಾರೆ ಎಂಬ ನಾಚಿಕೆಯೂ ಇಲ್ಲದೆ ಅತ್ತೆ.

ದಾಕು ಎಂದರೆ ಈಗಿನ ಮಕ್ಕಳಿಗೆ ತಿಳಿಯುವುದಿಲ್ಲ. ಸಿಡುಬು ಬಾರದಿರಲಿ ಎಂದು ತೋಳಿಗೆ ಹಾಕುತ್ತಿದ್ದ ಮದ್ದು ಅದು. ಚರ್ಮದ ಮೇಲೆ ಔಷಧಿಯ ಹನಿ ಇಟ್ಟು, ಹಲ್ಲುಗಳಿರುವ ಪುಟ್ಟ ಚಕ್ರವನ್ನು ಅದರ ಮೇಲೆ ಒತ್ತಿ ತಿರುಗಿಸುತ್ತಿದ್ದರು. ನೋವಾಗುತ್ತಿತ್ತು, ಸುಳ್ಳು ಹೇಳುವುದೇಕೆ. ಗಾಯ ಹಣ್ಣಾಗಿ, ಒಣಗಿ, ದುಂಡನೆಯ ಕಲೆ ಉಳಿಯುತ್ತಿತ್ತು. ನನ್ನ ವಾರಗೆಯವರು ತೋಳು ಎತ್ತಿದರೆ ಇವತ್ತಿಗೂ ಕಾಣುತ್ತದೆ. ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಶಿವಮೊಗ್ಗದಲ್ಲಿ ಹೆರಿಗೆಯ ತರಬೇತಿ ಮುಗಿಸಿ ಶಿಕಾರಿಪುರದ ಆಸ್ಪತ್ರೆಗೆ ಬಂದಿದ್ದೆ. ಅವರು ಅಲ್ಲಿ ಹೆಲ್ತ್ ಇನ್ಸ್‌ಪೆಕ್ಟರು. ಸೊರಬದ ಜಾಗ ಖಾಲಿ ಬಿದ್ದಿತ್ತು, ಸರ್ಕಾರಕ್ಕೆ ಅದನ್ನು ತುಂಬುವ ಆತುರವೂ ಇರಲಿಲ್ಲ. ಹಾಗಾಗಿ ಎರಡು ತಾಲ್ಲೂಕಿನ ತೋಳುಗಳೂ ಅವರ ಪಾಲಿಗೇ ಬಂದಿದ್ದವು. ಹಳ್ಳಿಯ ಹೆಂಗಸರು ಗಂಡಸರ ಮುಂದೆ ತೋಳು ತೆರೆಯುವುದಿಲ್ಲ ಎಂದು ನನ್ನನ್ನೂ ಅವರ ಜೊತೆ ಅಟ್ಟುತ್ತಿದ್ದರು.

ಅವರ ಜೊತೆ ಹಳ್ಳಿಗೆ ಹೋಗುವುದೆಂದರೆ ಕಾಯುವುದು ಎಂದೇ ಅರ್ಥ. ಯಾರ ಮನೆಯೇ ಆಗಲಿ, ಹೊಸ್ತಿಲಿನಿಂದ ಒಂದು ಮಾರು ಆಚೆ ನಿಲ್ಲುವರು. ಕೊಡೆ ಮಡಚಿ ತೋಳಿಗೆ ತೂಗುಹಾಕಿಕೊಳ್ಳುವರು. ಗಂಟಲು ಸರಿಮಾಡಿಕೊಂಡು, "ಒಳಗ ಬರಬಹುದೇನ್ರೀ?" ಎನ್ನುವರು. ನನ್ನ ಮೊದಲ ದಿನವೇ ಒಬ್ಬ ಸೌದೆ ಒಡೆಯುವವನ ಗುಡಿಸಲ ಮುಂದೆ ಹೀಗೆ ನಿಂತೆವು. ಬಾಗಿಲ ಜಾಗದಲ್ಲಿ ಒಂದು ಗೋಣಿತಾಟು ತೂಗುತ್ತಿತ್ತು. ಇವರು ಕೇಳಿದರು, ಒಳಗಿನಿಂದ ಕೋಳಿಯೊಂದು ಉತ್ತರ ಕೊಟ್ಟಿತು. ಮತ್ತೆ ಕೇಳಿದರು. ಬಿಸಿಲು ನೆತ್ತಿ ಸುಡುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು. "ಸರ್, ಆ ಗೋಣಿ ಸರಿಸಿದರೆ ಆಯಿತಲ್ಲ. ಬಾಗಿಲೇ ಇಲ್ಲ" ಎಂದೆ.

"ಬಾಗಿಲಿಲ್ಲದೋರ ಮನೀ ಮುಂದ ಇನ್ನೂ ಹೆಚ್ಚು ಹೊತ್ತು ನಿಲ್ಲಬೇಕು ಸಿಸ್ಟರ್" ಎಂದರು. "ಇದ್ದೋರು ನಮ್ಮನ್ನ ನೋಡಿ ಬಾಗಿಲು ಹಾಕ್ಕೋತಾರ. ಇವರು ಏನು ಹಾಕ್ಕೋಬೇಕು? ನಾವು ಹೊರಗ ನಿಲ್ಲೋದ ಇವರಿಗೆ ಬಾಗಿಲು."

ಈ ಮನುಷ್ಯನ ಜೊತೆ ಏಗುವುದು ಕಷ್ಟ ಎಂದುಕೊಂಡೆ. ಕಷ್ಟವೇ ಆಯಿತು. ಆದರೆ ಅಂದಿನಿಂದ ಇಂದಿನವರೆಗೂ ನಾನು ಯಾರ ಮನೆಯ ಪರದೆಯನ್ನೂ ಸರಿಸಿ ಒಳಗೆ ಹೋಗಿಲ್ಲ, ಹೆರಿಗೆ ನೋವಿನ ಕೂಗು ಕೇಳುತ್ತಿದ್ದಾಗ ಬಿಟ್ಟು.

ಕೇಳಿದ ಮೇಲೆ ಜನ ಒಲ್ಲೆ ಎಂದರೆ? ಆಗ ಅವರು ಜಗಲಿಯ ಕೆಳಗೆ ಕೂತು ಅಂಗಿಯ ತೋಳು ಮಡಚಿ ತಮಗೇ ದಾಕು ಹಾಕಿಕೊಳ್ಳುವರು. ಪ್ರತಿ ಊರಿನಲ್ಲೂ ಇದೇ. ಔಷಧಿ ದಂಡವಾಗಬಾರದು ಎಂದು ಬರಿಯ ಚಕ್ರ ತಿರುಗಿಸಿಕೊಳ್ಳುತ್ತಿದ್ದರು, ನೋವು ಮಾತ್ರ ಅಸಲಿ. ಅವರ ಎಡತೋಳು ಹೆಂಚಿನ ಮೇಲೆ ಸೀದ ರೊಟ್ಟಿಯ ಹಾಗಿತ್ತು. "ನೋಡ್ರಿ, ಇಷ್ಟ. ಸತ್ತೇನು? ಇಲ್ಲ. ಈಗ ನಿಮ್ಮ ಮನಸ್ಸು, ನಿಮ್ಮ ತೋಳು" ಎನ್ನುವರು. ಹೆಚ್ಚಿನವರು ಒಪ್ಪುತ್ತಿದ್ದರು. ಒಪ್ಪದವರ ಮನೆಗೆ ಮುಂದಿನ ವಾರ ಮತ್ತೆ ಹೋಗುತ್ತಿದ್ದೆವು, ಮತ್ತೆ ಅದೇ ಕೊಡೆ, ಅದೇ ಗಂಟಲು. ಒಬ್ಬ ಗೌಡರಂತೂ ಇವರ ಕಾಟ ತಡೆಯಲಾರದೆ, "ನಿಮಗ ಕೈ ಮುಗೀತೀನಿ, ಮನೀ ಮಂದಿಗೆಲ್ಲ ಹಾಕಿ ಹೋಗ್ರಿ, ಎಮ್ಮಿಗೂ ಬೇಕಾದ್ರ ಹಾಕ್ರಿ" ಎಂದಿದ್ದರು.

ತಾಲ್ಲೂಕಿನ ಆಡಳಿತ ನೋಡುತ್ತಿದ್ದ ಅಮಲ್ದಾರರಿಗೆ ಈ ನಿಧಾನ ಹಿಡಿಸುತ್ತಿರಲಿಲ್ಲ. ಅವರು ಮೈಸೂರಿನ ಕಡೆಯವರು, ಚುರುಕಿನ ಮನುಷ್ಯ, ಕೆಟ್ಟವರೇನಲ್ಲ. ಒಮ್ಮೆ ಸಂತೆಯ ದಿನ ಸಂತೆಮಾಳದ ಬಾಯಲ್ಲಿ ಪೊಲೀಸರನ್ನು ನಿಲ್ಲಿಸಿ, ಒಳಗೆ ಬರುವವರೆಲ್ಲರ ರಟ್ಟೆ ಹಿಡಿದು ದಾಕು ಹಾಕಿಸುವುದು ಎಂದು ಯೋಚಿಸಿದರು. ಇವರು ಪೆಟ್ಟಿಗೆ ಮುಚ್ಚಿ ಬೇವಿನ ಮರದ ಕೆಳಗೆ ಹೋಗಿ ಕೂತರು.

"ಏನ್ರೀ ಇದು ನಿಮ್ಮ ಹಟ?" ಅಮಲ್ದಾರರು ಎಲ್ಲರೆದುರೇ ಕೇಳಿದರು. "ಈಗಿರೋದು ಬ್ರಿಟಿಷರ ಸರ್ಕಾರ ಅಲ್ಲ ಕಣ್ರೀ. ನಮ್ಮದೇ ಸರ್ಕಾರ. ಜನರ ಒಳ್ಳೇದಕ್ಕೇ ಮಾಡ್ತಿರೋದು."

"ಸರ್ಕಾರ ನಮ್ಮದು ಖರೆ ಸ್ವಾಮಿ. ಆದ್ರ ನಮ್ಮ ತೋಳು ಸರ್ಕಾರದ್ದಲ್ಲ" ಎಂದರು ಇವರು. "ಕಳ್ಳನ್ನ ಹಿಡೀರಿ. ಯಾರಾದ್ರೂ ಯಾರನ್ನಾದ್ರೂ ಹೊಡದ್ರ ಬಿಡಿಸ್ರಿ. ದಾರಿ ಹಾಕ್ರಿ. ಅದಕ್ಕಂತ ಪೊಲೀಸರನ್ನ ಇಟ್ಕೊಂಡೀವಿ. ಉಪ್ಪಿನಕಾಯಿ ಕೊಳ್ಳಾಕ ಬಂದ ಮುದುಕೀನ ಹಿಡಿಯಾಕಲ್ಲ."

ಅಮಲ್ದಾರರ ಮುಖ ಕೆಂಪಾಯಿತು. ಆದರೂ ಅಂದು ಪೊಲೀಸರು ಹಿಂದಿರುಗಿದರು. ಸಂತೆ ಮುಗಿಯುವ ಹೊತ್ತಿಗೆ ಬೇವಿನ ಮರದ ಕೆಳಗೆ ಸಾಲು ನಿಂತಿತ್ತು. ಪೊಲೀಸರಿಂದ ತಪ್ಪಿಸಿದವರು ಯಾರಪ್ಪ ಎಂದು ನೋಡಲು ಬಂದವರು, ಬಂದ ತಪ್ಪಿಗೆ ತೋಳು ಕೊಟ್ಟು ಹೋದರು.

ನಾನು ಅವರನ್ನು ಛೇಡಿಸದೆ ಬಿಡುತ್ತಿರಲಿಲ್ಲ. "ಸರ್ಕಾರ ಯಾವುದಕ್ಕೂ ಕೈ ಹಾಕಬಾರದು ಅಂತೀರಿ, ಮೊದಲ ತಾರೀಖು ಸಂಬಳಕ್ಕೆ ಮಾತ್ರ ಕೈ ಚಾಚುತ್ತೀರಿ" ಎಂದರೆ ಬಾಯ್ತುಂಬ ನಗುವರು. "ಅದ ನೋಡ್ರಿ ನನ್ನ ಪಾಪ. ಉಪ್ಪು ತಿಂದೀನಿ, ನೀರು ಕುಡಿಯಾಕ ಬೇಕು." ಮನೆಯಲ್ಲೂ ಅವರದು ಇದೇ ಧರ್ಮ. ಮಕ್ಕಳು ಊಟ ಸಾಕೆಂದರೆ ಸಾಕು, ಸಂಗೀತದ ಪಾಠ ಒಲ್ಲೆ ಎಂದರೆ ಬಿಡು. ಅವರ ಹೆಂಡತಿ ನನ್ನ ಹತ್ತಿರ ಹೇಳಿಕೊಂಡಿದ್ದುಂಟು: "ಇವರು ತಾವು ಬಡಿಸೋ ದಿನ ಮಜ್ಜಿಗಿ ಹಾಕಾಕೂ ಅಪ್ಪಣಿ ಕೇಳ್ತಾರ ನೋಡವ್ವ. ಅಷ್ಟರಾಗ ಅನ್ನ ಆರಿ ಕಲ್ಲಾಗಿರ್ತೈತಿ."

ಈ ಸ್ವಭಾವ ಎಲ್ಲಿಂದ ಬಂತು ಎಂದು ಒಂದು ಸಲ ಮಾತ್ರ ಹೇಳಿದರು. ತಾಳಗುಂದಕ್ಕೆ ಹೋಗಿದ್ದೆವು. ಕೆಲಸ ಮುಗಿಸಿ, ಶಾಸನದ ಹಳೇ ಕಂಬದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತೆವು. ಅವರು ಕಂಬದ ಅಕ್ಷರಗಳ ಮೇಲೆ ಬೆರಳಾಡಿಸಿ, "ಕೆರೆ ಕಟ್ಟಿಸಿದ ರಾಜನ್ನ ಹೊಗಳಿ ಬರದಾರಂತ" ಎಂದರು. "ಕೆರೆ ಅಗದೋರನ್ನ ಬರ್ತೀಯೇನಪ್ಪ ಅಂತ ಕೇಳಿದ್ರೋ, ಎಳಕೊಂಡು ಬಂದ್ರೋ, ಅದನ್ನ ಮಾತ್ರ ಯಾರೂ ಬರದಿಲ್ಲ."

ಆಮೇಲೆ ತಾವಾಗಿಯೇ ಮುಂದುವರಿಸಿದರು. ಅವರು ಚಿಕ್ಕವರಿದ್ದಾಗ ಊರಿಗೆ ಪ್ಲೇಗು ಬಂತಂತೆ. ಎಲ್ಲರೂ ಮನೆ ಬಿಟ್ಟು ಗುಡಿಸಲು ಸೇರಬೇಕೆಂದು ಹುಕುಂ ಆಯಿತು. ಬಾಣಂತಿಯಾಗಿದ್ದ ಅವರ ತಾಯಿ ಆಮೇಲೆ ಬರುತ್ತೇನೆ ಎಂದರೂ ಕೇಳದೆ ಸರ್ಕಾರದ ಆಳುಗಳು ಒಳಗೆ ನುಗ್ಗಿ ಕೈಕಾಲು ಹಿಡಿದು ಎತ್ತಿ ತಂದು ಬೀದಿಯಲ್ಲಿ ಇಳಿಸಿದರು. "ಅವ್ವ ಅದರಿಂದ ಬದುಕಿದಳು. ಸುಳ್ಳು ಹೇಳಬಾರದು. ಅಲ್ಲೇ ಉಳಿದೋರು ಸತ್ರು. ಆದ್ರ ಆವತ್ತಿನಿಂದ ಸಾಯೋತನಕ ಅವ್ವ ಯಾರ ಮುಖಾನೂ ನೋಡಿ ಮಾತಾಡಲಿಲ್ಲ. ನನ್ನ ಮುಖಾನೂ." ಇಷ್ಟು ಹೇಳಿ ಬುತ್ತಿಯನ್ನು ಮತ್ತೆ ಕಟ್ಟಿದರು. ಅಂದು ಅವರು ಉಣ್ಣಲಿಲ್ಲ.

ಇಂಥವರು ಪಿಂಚಣಿಗೆ ಇನ್ನೂ ಎಷ್ಟೋ ವರ್ಷ ಇರುವಾಗಲೇ ಕೆಲಸ ಬಿಟ್ಟು ಹೆಂಡತಿಯ ತವರಿನ ಕಡೆ ಹೋಗಿ ಸಣ್ಣ ಬಟ್ಟೆ ಅಂಗಡಿ ಹಾಕಿಕೊಂಡರು. ಅಮಲ್ದಾರರ ಜೊತೆ ಜಟಾಪಟಿಯಾಗಿ ಹೋದರು ಎಂದು ಶಿಕಾರಿಪುರದಲ್ಲಿ ಈಗಲೂ ಹೇಳುತ್ತಾರೆ. ಬದನೆಕಾಯಿ ಕೊಳ್ಳುತ್ತಿದ್ದ ಕಾಂಪೌಂಡರೂ ಅದನ್ನೇ ನಂಬಿದ್ದಾರೆ. ಹಾಗೇನೂ ಆಗಿರಲಿಲ್ಲ. ಅವರ ಎದೆ ಒಡೆದದ್ದು ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿಯ ಗುಡ್ಡದ ಕೆಳಗಿನ ಒಂದು ಹಳ್ಳಿಯಲ್ಲಿ. ಅಲ್ಲಿಗೆ ಹೋದ ಮೂರು ಸಲವೂ ನಾನು ಜೊತೆಗಿದ್ದೆ.

ಆ ವರ್ಷ ಗುಡ್ಡದ ಅಮ್ಮನಿಗೆ ನಡೆದುಕೊಳ್ಳಲು ದೂರದಿಂದ ಬಂದವರ ಜೊತೆ ಸಿಡುಬೂ ಬಂದಿತ್ತು. ನಾವು ಆ ಹಳ್ಳಿಗೆ ಹೋದಾಗ ಅಲ್ಲಿಗಿನ್ನೂ ತಟ್ಟಿರಲಿಲ್ಲ. ಜನ ಹೆದರಿದ್ದರು, ತಾವಾಗಿಯೇ ತೋಳು ಕೊಡುತ್ತಿದ್ದರು. ಕೊನೆಯಲ್ಲಿ ಉಳಿದದ್ದು ಊರಂಚಿನ ಒಂದು ಮನೆ. ಅಲ್ಲಿ ಒಬ್ಬ ಅಜ್ಜಿ, ಅವಳ ಮೊಮ್ಮಗಳು. ಮಗ ಸೊಸೆ ಇಬ್ಬರೂ ತೀರಿಹೋಗಿದ್ದರು. ಎಷ್ಟೋ ಮಕ್ಕಳು ಹುಟ್ಟಿ ಸತ್ತ ಮೇಲೆ ಗುಡ್ಡದ ಅಮ್ಮನಿಗೆ ಹರಕೆ ಹೊತ್ತು ಪಡೆದ ಕೂಸು ಎಂದು ಹುಡುಗಿಗೆ ರೇಣುಕೆ ಎಂದು ಹೆಸರಿಟ್ಟಿದ್ದರು. ರೇಣಿ ಎಂದು ಕರೆಯುತ್ತಿದ್ದರು. ಎಂಟೊಂಬತ್ತು ವರ್ಷವಿರಬಹುದು, ಅರಳು ಹುರಿದ ಹಾಗೆ ಮಾತು.

ರೇಣಿ ಬೆಳಗಿನಿಂದ ಮನೆಯಿಂದ ಮನೆಗೆ ನಮ್ಮ ಹಿಂದೆಯೇ ಸುತ್ತಿ, ಯಾರು ಅತ್ತರು, ಯಾರು ಅಳಲಿಲ್ಲ ಎಂದು ಎಲ್ಲ ನೋಡಿಕೊಂಡಿದ್ದಳು. ತಮ್ಮ ಮನೆಯ ಸರದಿ ಬಂದಾಗ ನಮಗಿಂತ ಮುಂದೆ ಓಡಿ ಅಂಗಳದಲ್ಲಿ ನಿಂತಿದ್ದಳು. ಇವರು ಎಂದಿನಂತೆ ಆಚೆ ನಿಂತು ಕೇಳಿದರು. ಅಜ್ಜಿ ಹೊರಗೆ ಬಂದಳು. ಅವಳು ಬಾಯಿ ತೆರೆಯುವ ಮುಂಚೆಯೇ ಹುಡುಗಿ ಪೋಲಕದ ತೋಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದಳು. "ನಂಗೆ ಹಾಕಿ. ನಾ ಅಳದಿಲ್ಲ. ಆ ಗಿಡ್ಡಿ ಅತ್ತಳಲ, ನಾ ಅವ್ಳಂಗಲ್ಲ."

ಇವರು ನಕ್ಕರು. ಅಜ್ಜಿಯ ಕಡೆ ತಿರುಗಿ, "ಏನಂತೀರಿ ಅಜ್ಜೀ?" ಎಂದರು.

"ಬ್ಯಾಡ್ರಾ" ಎಂದಳು ಅಜ್ಜಿ. "ಅಮ್ಮ ಕೊಟ್ಟ ಕೂಸು ಅದು. ಅದರ ಮೈಗೆ ಕಬ್ಬಿಣ ತಾಗ್ಸದಿಲ್ಲ ಅಂತ ಹರಕೆ ಐತೆ. ತೋಳು ನಮ್ದಲ್ಲ, ಅಮ್ಮಂದು."

ಇವರು ಕೂತು ತಮ್ಮ ತೋಳಿಗೆ ಚಕ್ರ ತಿರುಗಿಸಿಕೊಂಡು ತೋರಿಸಿದರು. ಊರಿನವರೂ ನಾಲ್ಕು ಮಾತು ಹೇಳಿದರು. ಅಜ್ಜಿ ಕೈ ಮುಗಿದಳೇ ಹೊರತು ಒಪ್ಪಲಿಲ್ಲ. ಅಷ್ಟು ಹೊತ್ತೂ ರೇಣಿಯ ಕೈ ಚಾಚಿಯೇ ಇತ್ತು. "ಹಾಕ್ರಾ" ಎಂದು ಇನ್ನೊಮ್ಮೆ ಹೇಳಿದಳು. ಇವರು ಪೆಟ್ಟಿಗೆ ಮುಚ್ಚಿದರು. ಎದ್ದು, ಹುಡುಗಿಯ ಕೈಯನ್ನು ತಾವೇ ಮೆಲ್ಲಗೆ ಕೆಳಗೆ ಇಳಿಸಿ, ಪೋಲಕದ ತೋಳನ್ನು ಸರಿಮಾಡಿದರು. "ಅಜ್ಜಿ ಬ್ಯಾಡ ಅಂತಾರವ್ವ. ಬರೋ ವಾರ ಬಂದು ಮತ್ತ ಕೇಳ್ತೀನಿ" ಎಂದರು. ಅಲ್ಲಿದ್ದವರೆಲ್ಲ, ಇಂಥ ತಾಳ್ಮೆಯ ಸರ್ಕಾರಿ ಮನುಷ್ಯನನ್ನು ಕಂಡಿಲ್ಲ ಎಂದು ಹೊಗಳಿದರು. ರೇಣಿ ಮಾತ್ರ ಮುಖ ಊದಿಸಿಕೊಂಡು ಒಳಗೆ ಹೋದಳು.

ಬರುವ ವಾರ ಮದ್ದು ಮುಗಿದಿತ್ತು. ಶಿವಮೊಗ್ಗದಿಂದ ಬರಬೇಕಾದದ್ದು ಬರಲಿಲ್ಲ. ಅದು ಬರುವುದಕ್ಕೆ ಮುಂಚೆ ಸುದ್ದಿ ಬಂತು. ಇಬ್ಬರೂ ಸೊರಬದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಸಿಕ್ಕ ಎತ್ತಿನ ಗಾಡಿ ಹತ್ತಿ, ಉಳಿದದ್ದನ್ನು ನಡೆದೆವು. ಆ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಸಿಡುಬಿನ ಅಮ್ಮ ಬಂದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಇವರು ಅಂಗಳದಲ್ಲಿ ನಿಂತರು. ಕೊಡೆ ಮಡಚಿದರು. ಗಂಟಲು ಸರಿಮಾಡಿಕೊಂಡರು.

ಗಂಟಲಿನ ಸದ್ದು ಒಳಗೆ ಗುರುತಾಗಿತ್ತು. ಕತ್ತಲೆಯೊಳಗಿನಿಂದ ಹುಡುಗಿಯ ದನಿ ಬಂತು. ದನಿ ಎನ್ನುವಷ್ಟೂ ಇರಲಿಲ್ಲ, ಬಾಯೊಳಗೆಲ್ಲ ಎದ್ದಿತ್ತೆಂದು ಕಾಣುತ್ತದೆ. "ಅಜ್ಜಿ, ದಾಕಿನೋರು ಬಂದ್ರನ? ಈಗ ಹಾಕ್ತಾರನ?"

ನಾನು ಹೆರಿಗೆಯ ಮನೆಗಳಲ್ಲಿ ಬೇಕಾದಷ್ಟು ಸಾವು ನೋಡಿದವಳು. ಆ ಮಾತು ಕೇಳಿ ನಿಂತ ಹಾಗೆ ಬೇರೆ ಯಾವ ಸಾವಿನ ಎದುರೂ ನಾನು ನಿಂತಿಲ್ಲ. ಈಗ ಹಾಕಿ ಏನೂ ಪ್ರಯೋಜನವಿರಲಿಲ್ಲ. ಇವರು ಸಂಜೆಯವರೆಗೂ ಆ ಅಂಗಳ ಬಿಟ್ಟು ಕದಲಲಿಲ್ಲ. ಮಾರನೆಯ ದಿನ ರೇಣಿ ಹೋದಳು.

ಅಮಲ್ದಾರರು ಇವರನ್ನು ಕರೆಸಿದರು. ನಾನೂ ಬಾಗಿಲ ಹತ್ತಿರ ನಿಂತಿದ್ದೆ. ಅವರು ಕೂಗಾಡಲಿಲ್ಲ, ಅದೇ ಹೆಚ್ಚು ನೋವಾಯಿತು. "ನೋಡಿದಿರಲ್ಲ" ಎಂದರು. "ಆವತ್ತು ಒಬ್ಬ ಕಾನ್ಸ್‌ಟೇಬಲ್ ಜೊತೇಲಿದ್ದು ಆ ಮುದುಕೀನ ಪಕ್ಕಕ್ಕೆ ಸರಿಸಿದ್ದರೆ ಆ ಮಗು ಇವತ್ತು ಆಡ್ಕೊಂಡಿರ್ತಿತ್ತು. ನಿಮ್ಮ ಸೌಜನ್ಯ ಅದನ್ನ ತಿಂತು. ಇನ್ನು ಮೇಲೆ ಪೊಲೀಸರ ಜೊತೆಯಲ್ಲೇ ಹೋಗಿ. ಮೊದಲು ಅದೇ ಊರಿಗೆ." ಇವರು ತಲೆ ತಗ್ಗಿಸಿ ಬಂದರು. ಸಂತೆಮಾಳದಲ್ಲಿ ವಾದಿಸಿದ ಮನುಷ್ಯ ಇವರೇನಾ ಅನ್ನಿಸಿತು.

ಹೊರಗೆ ಬಂದ ಮೇಲೆ ನಾನೇ ತಡೆಯಲಾರದೆ ಹೇಳಿದೆ: "ಅವರು ಹೇಳಿದ್ದರಲ್ಲಿ ಸುಳ್ಳೇನಿದೆ ಸರ್? ಬಲವಂತ ಮಾಡಬೇಕಿತ್ತು."

ಅವರು ನಿಂತರು. "ಇಲ್ಲ ಸಿಸ್ಟರ್. ಅವರಿಗೂ ತಿಳೀಲಿಲ್ಲ, ನಿಮಗೂ ತಿಳೀಲಿಲ್ಲ" ಎಂದರು. "ಬಲವಂತ ಯಾರಿಗೆ ಮಾಡಬೇಕಿತ್ತು? ಆ ಹುಡುಗಿ ಕೈ ಚಾಚಿದ್ದಳು. ಬಾಯಿ ಬಿಟ್ಟು ಹಾಕ್ರಿ ಅಂದಿದ್ದಳು, ಎರಡು ಸಲ. ತೋಳು ಅವಳದು. ಜೀವಮಾನ ಎಲ್ಲ ಅವರವರ ತೋಳು ಅವರವರದು ಅಂತ ಹೇಳಿಕೋತ ತಿರುಗಿದೆ. ತೋಳಿನ ಒಡತಿ ಎದುರಿಗೆ ಬಂದು ನಿಂತಾಗ ಮನಿ ಹಿರೇರ ಮುಖ ನೋಡಿದೆ. ಸರ್ಕಾರ ನಮ್ಮವ್ವಗ ಏನು ಮಾಡ್ತೋ ನಾ ಆ ಕೂಸಿಗೆ ಅದನ್ನ ಮಾಡಿದೆ. ಅವರು ಎತ್ತಿ ಇಳಿಸಿದ್ರು. ನಾ ಬರೇ ಕೈ ಇಳಿಸಿದೆ."

ಎಂಟು ವರ್ಷದ ಹುಡುಗಿಯ ಮಾತನ್ನು ಯಾರು ತಾನೆ ಲೆಕ್ಕಕ್ಕೆ ಹಿಡಿಯುತ್ತಾರೆ, ಅಪ್ಪ ಅಮ್ಮ ಅಜ್ಜಿ ಹೇಳಿದ್ದೇ ಆಗುವುದು ಲೋಕದ ರೂಢಿ, ಎಂದು ಸಮಾಧಾನ ಹೇಳಬಹುದಿತ್ತು. ಅವರಿಗೆ ಅದು ಸಮಾಧಾನ ಆಗುತ್ತಿರಲಿಲ್ಲ. ಬೇರೆಯವರಿಗೆ ಕ್ಷಮೆ ಇರುವ ತಪ್ಪು ಅದು. ಅವರಿಗೆ ಇರಲಿಲ್ಲ, ಅದು ಅವರಿಗೆ ಗೊತ್ತಿತ್ತು.

ಹುಕುಂ ಆದ ಹಾಗೆ ಆ ಊರಿಗೆ ಹೋದೆವು. ಕಾನ್ಸ್‌ಟೇಬಲುಗಳನ್ನು ಶಾಲೆಯ ಹತ್ತಿರವೇ ನಿಲ್ಲಿಸಿ, "ಸ್ವಲ್ಪ ಹೊತ್ತು ಇಲ್ಲೇ ಇರ್ರಪಾ" ಎಂದು ಕೇಳಿಕೊಂಡು, ಇವರು ಮೊದಲು ಊರಂಚಿನ ಆ ಮನೆಗೆ ನಡೆದರು. ನಾನು ಪೆಟ್ಟಿಗೆ ಹಿಡಿದು ಹಿಂದೆ ಹೋದೆ. ಅಂಗಳ ತಲುಪುವುದರೊಳಗೆ ಅಜ್ಜಿ ಹೊರಗೆ ಬಂದಿದ್ದಳು. ಒಂದೇ ತಿಂಗಳಲ್ಲಿ ಅವಳ ಬೆನ್ನು ಬಾಗಿತ್ತು. ನಮ್ಮನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಸರಿಸಿ, ಜೋತುಬಿದ್ದ ತೋಳನ್ನು ಮುಂದೆ ಮಾಡಿದಳು.

"ಹಾಕಿ" ಎಂದಳು.

ಇವರು ನಿಂತೇ ಇದ್ದರು.

"ಹಾಕಿ ಅಂತ ಅವ್ಳು ಅಂದಿದ್ಲು. ಬ್ಯಾಡ ಅಂದಿದ್ದು ನಾನು" ಎಂದಳು ಅಜ್ಜಿ. "ನಾ ಏನೂ ಕಾಣದ ಮುದುಕಿ. ನೀವು ತಿಳ್ದೋರು. ಅಷ್ಟು ಜನರನ್ನ ಕಂಡೋರು. ಎಂತಕ್ಕೆ ನನ್ನ ಮಾತು ಕೇಳಿದ್ರಿ?"

ಅದರಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದೆ, ಗೊತ್ತುಮಾಡಿಕೊಳ್ಳಲೆಂದೇ ಹಾಕಿದ ಪ್ರಶ್ನೆ ಅದು.

ಇವರು ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ತೆರೆಯಲು ಹೋದರು. ಕೊಂಡಿ ಸಿಗಲಿಲ್ಲ. ಪೆಟ್ಟಿಗೆಯನ್ನು ಮತ್ತೆ ನನಗೇ ಕೊಟ್ಟು, ಅಂಗಳದ ಮಣ್ಣಿನಲ್ಲಿ ಕೂತುಬಿಟ್ಟರು. ದಾಕು ನಾನೇ ಹಾಕಿದೆ. ಚಕ್ರ ತಿರುಗುವಾಗಲೂ ಅಜ್ಜಿ ತೋಳಿನ ಕಡೆ ನೋಡಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದಳು, ಈಗ ಹೇಳಿಯಾರು ಎಂದು ಕಾಯುತ್ತ.